ಮಗುಚುವ ವಾಚೋ, ಚಂದ್ರನ ವಾಚೋ

ಪಕ್ಕದ ಮನೆಯ ಅಕ್ಕನದು ಈಚೆಗೆ ಒಂದೇ ಪ್ರಶ್ನೆ. ಬೆಳಿಗ್ಗೆ ಹೂ ಬಿಡಿಸಲು ಕಾಂಪೌಂಡಿನ ಹತ್ತಿರ ಬಂದರೂ ಅದೇ, ಸಂಜೆ ಗಿಡಕ್ಕೆ ನೀರು ಹಾಕುವಾಗಲೂ ಅದೇ. "ಹೇಳೋ, ಯಾವುದು ತಗೊಳ್ಳಲಿ? ಮಗಳು ಫೋನ್ ಮಾಡಿದಾಗಲೆಲ್ಲ ಕೇಳ್ತಾಳೆ." ಮಗಳು ಕೊಡಿಸುತ್ತೇನೆಂದು ಹಟ ಹಿಡಿದಿರುವುದು ಒಂದು ವಾಚು. ಅಕ್ಕನ ಕಣ್ಣು ಎರಡರ ಮೇಲಿದೆ. ಒಂದು, ಜೇಗರ್-ಲಕೂಲ್ತ್ರ್ ಕಂಪನಿಯ ರಿವರ್ಸೋ. ಇನ್ನೊಂದು, ಒಮೆಗಾದ ಸ್ಪೀಡ್‌ಮಾಸ್ಟರ್. ಎರಡೂ ಸ್ವಿಟ್ಜರ್ಲೆಂಡಿನವು, ಎರಡೂ ಲಕ್ಷಗಳ ಲೆಕ್ಕದವು. ಅಷ್ಟು ಬಿಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲವೇನೋ ಅನ್ನಿಸುವಷ್ಟು ಬೇರೆ ಬೇರೆ.

ಅಕ್ಕನಿಗೆ ವಾಚಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ, ಕಣ್ಣಿಗೆ ಲೂಪ್ ಹಾಕಿಕೊಂಡು, ಚಿಮಟದಲ್ಲಿ ಬ್ಯಾಲೆನ್ಸ್ ಚಕ್ರ ಕೂರಿಸುತ್ತಲೇ ಸರ್ವೀಸೆಲ್ಲ ಕಳೆದವರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾದ ಆ ಫ್ಯಾಕ್ಟರಿ ದೇಶದ ಮುಂಗೈಗೆಲ್ಲ ವಾಚು ಕಟ್ಟಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿದ ದಿನ ಅಕ್ಕನ ಮನೆಯಲ್ಲಿ ಟಿವಿ ಆರಿಸಿಟ್ಟಿದ್ದರು. ಅವರ ಬೀರುವಿನ ಡ್ರಾಯರಿನಲ್ಲಿ ಜನತಾ ಇದೆ, ಕಪ್ಪು ಡಯಲಿನ ಪೈಲಟ್ ಇದೆ, ಕೊಹಿನೂರ್ ಇದೆ, ಒಂದು ಕಾಲಕ್ಕೆ ಮದುವೆ ಮಾತುಕತೆಯಲ್ಲೇ ಹೆಸರು ಹಿಡಿದು ಕೇಳುತ್ತಿದ್ದ ಕಾಂಚನ ಇದೆ. ಬ್ಯಾಟರಿ ವಾಚು ಒಂದೂ ಇಲ್ಲ. ಅದು ಅವರ ನಿಯಮ.

ಹಾಗಾಗಿ ಈ ಎರಡರ ಪೈಪೋಟಿ ಮೊದಲ ಸುತ್ತು ದಾಟಿತು. ಎರಡೂ ದಿನಾ ಕೀ ಕೊಡುವ ವಾಚುಗಳು. ಇಷ್ಟು ದುಡ್ಡು ಕೊಟ್ಟ ಮೇಲೂ ಬೆಳಗಾದರೆ ಹೆಬ್ಬೆರಳು ತೋರುಬೆರಳು ಸೇರಿಸಿ ತಿರುವಬೇಕೇ ಎಂದು ಮಗಳು ಕೇಳಿದಳಂತೆ. "ಅದಕ್ಕೇ ಕಣೇ ದುಡ್ಡು ಕೊಡೋದು" ಎಂದರಂತೆ ಅಕ್ಕ. ನನಗೆ ಆ ಮಾತು ಬಹಳ ಹಿಡಿಸಿತು. ಸ್ಪ್ರಿಂಗು ಬಿಗಿಯಾಗುತ್ತಾ ಬಂದು, ಇನ್ನು ಸಾಕು ಎಂದು ಬೆರಳಿಗೇ ತಿಳಿಸುತ್ತದಲ್ಲ, ಆ ಗಳಿಗೆಯ ಸುಖ ಗೊತ್ತಿದ್ದವರಿಗೆ ಗೊತ್ತು.

"ರಿವರ್ಸೋ ನಮ್ಮ ದೇಶದಲ್ಲೇ ಹುಟ್ಟಿದ್ದಂತೆ, ಹೌದಾ?" ಎಂದು ಅಕ್ಕ ಒಂದು ದಿನ ಕೇಳಿದರು.

ಹುಟ್ಟಿದ್ದಲ್ಲ, ಬೇಡಿಕೆ ಎದ್ದದ್ದು ಇಲ್ಲಿ. ಸೀಸರ್ ದ ಟ್ರೇ ಅಂತ ಒಬ್ಬ ಸ್ವಿಸ್ ವ್ಯಾಪಾರಿ. ಕಟ್ಟುಹಲ್ಲಿನ ವ್ಯವಹಾರದಲ್ಲಿ ದುಡ್ಡು ಮಾಡಿ, ಆಮೇಲೆ ವಾಚಿನ ವ್ಯಾಪಾರಕ್ಕೆ ಇಳಿದವನು. 1930–31ರ ಚಳಿಗಾಲದಲ್ಲಿ ಭಾರತಕ್ಕೆ ಬಂದಿದ್ದ. ಇಲ್ಲಿ ಬ್ರಿಟಿಷ್ ಸೇನೆಯ ಅಧಿಕಾರಿಗಳಿಗೆ ಪೋಲೋ ಹುಚ್ಚು. ಆಗ ಚೆಂಡು ಬಿದಿರಿನ ಬೇರಿನದು, ಕಲ್ಲಿನಷ್ಟು ಗಟ್ಟಿ. ಕುದುರೆ ಓಡಿಸುತ್ತಾ ಉದ್ದ ಕೋಲು ಬೀಸುವಾಗ ಮುಂಗೈಗೆ ಪೆಟ್ಟು ಬೀಳದೆ ಇರುತ್ತದೆಯೇ? ವಾಚಿನ ಗಾಜು ಪುಡಿ. ಆಟಕ್ಕೆ ತಡೆಯುವ ವಾಚು ಮಾಡಿಕೊಡಿ ಎಂದು ಅವರು ಕೇಳಿದರು. ಈತ ಊರಿಗೆ ಮರಳಿ ಜಾಕ್-ಡೇವಿಡ್ ಲಕೂಲ್ತ್ರ್ ಎಂಬ ವಾಚು ತಯಾರಕನ ಮುಂದೆ ವಿಷಯ ಇಟ್ಟ. ಕೆಲಸ ಪ್ಯಾರಿಸಿನ ಎಂಜಿನಿಯರ್ ರೆನೆ-ಆಲ್ಫ್ರೆಡ್ ಶೋವೋ ಕೈಗೆ ಹೋಯಿತು. 1931ರ ಮಾರ್ಚ್ 4ರಂದು ಪೇಟೆಂಟ್ ಅರ್ಜಿ ಬಿತ್ತು, ಅದೇ ವರ್ಷ ವಾಚು ಮಾರುಕಟ್ಟೆಗೆ ಬಂತು. ಅಷ್ಟು ಚುರುಕು! ಒಳಗಿನ ಮಶೀನು ಮಾತ್ರ ಮೊದಮೊದಲು ತಾವಾನ್ ಕಂಪನಿಯಿಂದ ತಂದದ್ದು. ತಮ್ಮದೇ ಆದದ್ದನ್ನು ಹೊಂದಿಸಲು ಇವರಿಗೆ ಇನ್ನೂ ಸ್ವಲ್ಪ ಸಮಯ ಹಿಡಿಯಿತು.

"ಹಾಗಾದರೆ ನಮ್ಮದೇ ಅನ್ನು."

ಇಲ್ಲಿ ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅಂಗಡಿಯವರು "ಭಾರತದ ನಂಟು" ಎಂದು ಹೇಳಿ ಮಾರುತ್ತಾರೆ, ಆದರೆ ಆ ನಂಟಿನಲ್ಲಿ ನಮ್ಮವರ ಕೈ ಎಲ್ಲಿದೆ? ಆಳುವ ಸಾಹೇಬರ ಬಿಡುವಿನ ಆಟಕ್ಕೆ ಬೇಕಾದ ವಸ್ತು ಅದು. ನಮ್ಮವರದು ಅನ್ನಬಹುದಾದದ್ದು ಆಟ. ಮಣಿಪುರದ ಜನ ಸಗೋಲ್ ಕಾಂಗ್ಜೈ ಎಂದು ಕುದುರೆ ಮೇಲೆ ಕೂತು ಆಡುತ್ತಿದ್ದದ್ದನ್ನು ನೋಡಿ ಬ್ರಿಟಿಷರು ಕಲಿತರು, 1859ರಲ್ಲಿ ಸಿಲ್ಚರ್‌ನಲ್ಲಿ ಕ್ಲಬ್ಬು ಕಟ್ಟಿದರು. ಆ ಮಣಿಪುರಿಗಳ ಹೆಸರು ವಾಚಿನ ಜಾಹೀರಾತಿನಲ್ಲಿ ನಾನಂತೂ ಕಂಡಿಲ್ಲ. ಆದ್ದರಿಂದ ಅಕ್ಕ, ನಂಟಿಗಾಗಿ ರಿವರ್ಸೋ ಕೊಳ್ಳಬೇಡಿ. ಕೊಳ್ಳುವುದಾದರೆ ಅದು ತಿರುಗುವ ಚಂದಕ್ಕೆ ಕೊಳ್ಳಿ.

ತಿರುಗುವುದನ್ನು ನಾನು ಅಂಗಡಿಯೊಂದರಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಕೇಸು ಉದ್ದುದ್ದ ಚೌಕ, ಮೇಲೂ ಕೆಳಗೂ ಮೂರು ಮೂರು ಗೀರು ಗೆರೆಗಳು. ಬೆರಳಿಂದ ಪಕ್ಕಕ್ಕೆ ಒತ್ತಿದರೆ ಇಡೀ ವಾಚು ಬೆಂಕಿಪೊಟ್ಟಣದ ಒಳತಟ್ಟೆಯಂತೆ ತನ್ನ ಚೌಕಟ್ಟಿನಲ್ಲಿ ಜಾರುತ್ತದೆ. ತುದಿಗೆ ಬಂದಾಗ ಮೇಲೆತ್ತಿ ಮಗುಚಬಹುದು. ಮತ್ತೆ ಒಳಕ್ಕೆ ಸರಿಸಿದರೆ ಟಿಕ್ ಎಂದು ಕೂತುಬಿಡುತ್ತದೆ. ಆ ಟಿಕ್ ಸದ್ದಿನಲ್ಲಿ ಎಳ್ಳಷ್ಟೂ ಸಡಿಲ ಇಲ್ಲ. ಡಯಲ್ಲು ಮಣಿಕಟ್ಟಿನ ಕಡೆ ಮುಖ ಮಾಡಿ ಮಲಗಿದೆ, ಮೇಲೆ ಕಾಣುವುದು ಬರೀ ಉಕ್ಕು. 1985ರಲ್ಲಿ ನೀರು ನುಗ್ಗದಂತೆ ಈ ಕೇಸನ್ನು ಹೊಸದಾಗಿ ರೂಪಿಸಿದಾಗ ಕೇಸಿಗೇ 50ಕ್ಕೂ ಹೆಚ್ಚು ಬಿಡಿಭಾಗ ಬೇಕಾದವು. ಇದನ್ನು ಹೇಳಿದಾಗ ಅಕ್ಕ ನೀರಿನ ಪೈಪು ಕೆಳಗಿಟ್ಟರು. "ಕೇಸಿಗೇ? ಮೂವ್‌ಮೆಂಟು ಬಿಟ್ಟು?" ಹೌದು, ಮೂವ್‌ಮೆಂಟು ಬಿಟ್ಟು.

ಈ ವಾಚು ಒಮ್ಮೆ ಸತ್ತು ಬದುಕಿದೆ ಎನ್ನುವುದೂ ನನಗೆ ಅದರ ಮೇಲೆ ಪ್ರೀತಿ ಹುಟ್ಟಿಸಿದ ಸಂಗತಿ. ಎರಡನೇ ಮಹಾಯುದ್ಧದ ನಂತರ ಜನ ದುಂಡನೆಯ ವಾಚುಗಳ ಹಿಂದೆ ಹೋದರು, ರಿವರ್ಸೋ ನಿಂತಿತು. 1972ರಲ್ಲಿ ಇಟಲಿಯ ವ್ಯಾಪಾರಿ ಜಾರ್ಜಿಯೋ ಕೋರ್ವೋ ಕಾರ್ಖಾನೆಯಲ್ಲಿ ಉಳಿದುಹೋಗಿದ್ದ 200 ಖಾಲಿ ಕೇಸುಗಳನ್ನು ಕೊಂಡು, ಮಶೀನು ಹಾಕಿಸಿ ಮಾರಿದ. ಎಲ್ಲವೂ ಬೇಗನೆ ಖರ್ಚಾದವು. ಆಮೇಲೆ ಕಂಪನಿಗೂ ಕಣ್ಣು ತೆರೆಯಿತು. ಗೋದಾಮಿನ ಮೂಲೆಯಲ್ಲಿ ಬಿದ್ದಿರುವುದರ ಬೆಲೆ ಹೊರಗಿನವನೊಬ್ಬ ಬಂದು ಹೇಳಬೇಕಾಯಿತು. ಜಾಲಹಳ್ಳಿಯಲ್ಲೂ ಯಾರಾದರೂ ಒಬ್ಬರು ಹಾಗೆ ಬಂದಿದ್ದರೆ ಎಂದು ನಾವಿಬ್ಬರೂ ಸ್ವಲ್ಪ ಹೊತ್ತು ಬೇರೆಯೇ ಮಾತಿಗೆ ಹೋದೆವು. ಅದು ಇಲ್ಲಿ ಬೇಡ.

ಅಕ್ಕನ ಮನಸ್ಸು ನಿಜವಾಗಿ ವಾಲಿದ್ದು ಸ್ಪೀಡ್‌ಮಾಸ್ಟರ್ ಕಡೆ. ಚಂದ್ರನ ಮೇಲೆ ಹೋದದ್ದು ಎಂಬ ಕಾರಣಕ್ಕೆ ಇರಬೇಕು ಎಂದು ನಾನು ಅಂದುಕೊಂಡಿದ್ದೆ. ಅವರನ್ನು ಹಿಡಿದದ್ದು ಅದಕ್ಕೆ ಮೊದಲಿನ ಪರೀಕ್ಷೆ.

1957ರಲ್ಲಿ ಕಾರು ರೇಸಿಗೆಂದು ಬಂದ ವಾಚು ಅದು. ಗುಂಡಿ ಒತ್ತಿದರೆ ಓಡುವ, ಮತ್ತೆ ಒತ್ತಿದರೆ ನಿಲ್ಲುವ ಕ್ರೋನೋಗ್ರಾಫ್. ಸುತ್ತಿನ ಉಂಗುರದ ಮೇಲೆ ವೇಗ ಲೆಕ್ಕ ಹಾಕುವ ಅಂಕಿಗಳು. 1962ರಲ್ಲಿ ವಾಲಿ ಶಿರ್ರಾ ಎಂಬ ಗಗನಯಾತ್ರಿ ತನ್ನ ಸ್ವಂತದ್ದನ್ನೇ ಕಟ್ಟಿಕೊಂಡು ಅಂತರಿಕ್ಷಕ್ಕೆ ಹೋಗಿ ಬಂದ. ಆಮೇಲೆ ನಾಸಾ ಅಧಿಕೃತವಾಗಿ ಒಂದು ವಾಚು ಆರಿಸಬೇಕೆಂದು ಹೊರಟಿತು. ಮೂರು ಕಂಪನಿಗಳ ವಾಚುಗಳನ್ನು ಎಂಜಿನಿಯರ್ ಜೇಮ್ಸ್ ರೇಗನ್ ಪರೀಕ್ಷೆಗೆ ಹಾಕಿದ. 71 ಡಿಗ್ರಿ ಶಾಖದಲ್ಲಿ ಎರಡು ದಿನ, ಆಮೇಲೆ 93 ಡಿಗ್ರಿಯಲ್ಲಿ ಅರ್ಧ ಗಂಟೆ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ. ನಿರ್ವಾತ, ತೇವ, ನಡುಕ, ಕಿವಿ ಹರಿಯುವ ಸದ್ದು, ಗುರುತ್ವದ 40 ಪಟ್ಟು ಬಲದ ಹೊಡೆತಗಳು. ಒಂದು ವಾಚು ತೇವಕ್ಕೆ ನಿಂತುಹೋಯಿತು. ಇನ್ನೊಂದರ ಗಾಜು ಶಾಖಕ್ಕೆ ಸೊಟ್ಟಗಾಗಿ ಕಳಚಿ ಬಂತು. ಸ್ಪೀಡ್‌ಮಾಸ್ಟರ್ ಓಡುತ್ತಲೇ ಇತ್ತು. 1965ರ ಮಾರ್ಚ್ 1ಕ್ಕೆ ಅದಕ್ಕೆ ಮುದ್ರೆ ಬಿತ್ತು. ಅದೇ ವರ್ಷ ಜೂನ್‌ನಲ್ಲಿ ಗಗನಯಾತ್ರಿ ಎಡ್ ವೈಟ್ ಅದನ್ನು ಕಟ್ಟಿಕೊಂಡೇ ನೌಕೆಯಿಂದ ಹೊರಗೆ ತೇಲಿದ.

"ಸ್ಪೆಷಲ್ ಮಾಡಿಸಿದ ಪೀಸಾ, ಲೈನಿಂದ ಬಂದದ್ದಾ?" ಇದು ಅಕ್ಕನ ಪ್ರಶ್ನೆ. ಇಂಥ ಪ್ರಶ್ನೆ ಕೇಳಲು ಅಸೆಂಬ್ಲಿಯಲ್ಲಿ ಕೂತವರೇ ಬೇಕು. ಲೈನಿಂದ ಬಂದದ್ದೇ ಅಕ್ಕ. ಗಿರಾಕಿಗಳಿಗೆ ಮಾರುತ್ತಿದ್ದದ್ದೇ. ಅವರು ಸುಮ್ಮನೆ ತಲೆಯಾಡಿಸಿದರು. ದಿನಕ್ಕೆ ಇಷ್ಟು ಪೀಸು ಎಂದು ಮೇಜು ದಾಟಿಸುವ ಕೆಲಸದಲ್ಲಿ, ಯಾರಿಗೆ ಹೋಗುತ್ತದೋ ಗೊತ್ತಿಲ್ಲದ ಒಂದು ಪೀಸು ಅಂಥ ಪರೀಕ್ಷೆಯಲ್ಲಿ ಗೆದ್ದಿತು ಎಂದರೆ, ಅದನ್ನು ಜೋಡಿಸಿದ ಯಾವುದೋ ಕೈಗೆ ಸಂದ ಗೌರವ ಅದು. ಚಂದ್ರನ ಮೇಲೆ ನಡೆದದ್ದಕ್ಕಿಂತ ಈ ಮಾತು ದೊಡ್ಡದು ಎಂದು ನನಗೂ ಅನ್ನಿಸುತ್ತದೆ.

ಚಂದ್ರನ ಕಥೆಯಲ್ಲೂ ಎಲ್ಲರಿಗೂ ಗೊತ್ತಿಲ್ಲದ ತುಣುಕುಗಳಿವೆ. 1969ರ ಜುಲೈನಲ್ಲಿ ಮೊದಲು ಕಾಲಿಟ್ಟ ಆರ್ಮ್‌ಸ್ಟ್ರಾಂಗ್ ಕೈಯಲ್ಲಿ ವಾಚು ಇರಲಿಲ್ಲ. ನೌಕೆಯ ಒಳಗಿನ ಗಡಿಯಾರ ಕೆಟ್ಟಿದ್ದರಿಂದ ತನ್ನದನ್ನು ಅಲ್ಲೇ ಬಿಟ್ಟು ಇಳಿದ. ಚಂದ್ರನ ನೆಲದ ಮೇಲೆ ವಾಚು ಕಟ್ಟಿಕೊಂಡು ನಡೆದವನು ಆಲ್ಡ್ರಿನ್. ಆ ವಾಚು ಆಮೇಲೆ ವಸ್ತುಸಂಗ್ರಹಾಲಯಕ್ಕೆ ಸಾಗಿಸುವಾಗ ಕಳೆದುಹೋಯಿತು, ಇವತ್ತಿಗೂ ಪತ್ತೆಯಿಲ್ಲ. 1970ರ ಅಪೋಲೋ 13ರಲ್ಲಿ ಟ್ಯಾಂಕು ಸಿಡಿದು, ಕರೆಂಟು ಉಳಿಸಲು ಎಲ್ಲ ಆರಿಸಿ ಕೂತಿದ್ದಾಗ, ದಾರಿ ಸರಿಪಡಿಸಲು ಎಂಜಿನನ್ನು 14 ಸೆಕೆಂಡು ಉರಿಸಬೇಕಿತ್ತು. ಆ 14 ಸೆಕೆಂಡನ್ನು ಎಣಿಸಿದ್ದು ಜಾಕ್ ಸ್ವಿಗರ್ಟ್ ಕೈಯ ಸ್ಪೀಡ್‌ಮಾಸ್ಟರ್. ಹೆಚ್ಚು ಉರಿಸಿದರೂ ಕಷ್ಟ, ಕಡಿಮೆಯಾದರೂ ಕಷ್ಟ. ಮೂವರೂ ಮನೆ ಸೇರಿದರು.

ಇಷ್ಟೆಲ್ಲ ಆದ ಮೇಲೆ ಯಾರಾದರೂ ಸ್ಪೀಡ್‌ಮಾಸ್ಟರನ್ನೇ ತಗೋ ಅಂದಾರು. ನಾನು ಹಾಗೆ ಹೇಳಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಾ ಹೋದರೆ ಎರಡರ ಬೇರು ಒಂದೇ ಭಯದಲ್ಲಿದೆ: ಗಾಜು ಒಡೆಯುವ ಭಯ. ಪೋಲೋ ಮೈದಾನದಲ್ಲಿ ಗಾಜು ಒಡೆದರೆ ವಾಚು ಕೆಟ್ಟಿತು ಅಷ್ಟೇ. ಅಂತರಿಕ್ಷ ನೌಕೆಯಲ್ಲಿ ಒಡೆದರೆ ತೂಕವಿಲ್ಲದ ಚೂರುಗಳು ಗಾಳಿಯಲ್ಲಿ ತೇಲಾಡಿ ಕಣ್ಣಿಗೂ ಉಸಿರಿಗೂ ಹೋಗುತ್ತವೆ. ರಿವರ್ಸೋ ಮುಖ ತಿರುಗಿಸಿ ಪೆಟ್ಟನ್ನು ಬೆನ್ನಿಗೆ ತೆಗೆದುಕೊಳ್ಳುತ್ತದೆ. ಸ್ಪೀಡ್‌ಮಾಸ್ಟರ್ ಮುಖ ಕೊಟ್ಟೇ ನಿಲ್ಲುತ್ತದೆ. ಅದರ ಗಾಜು ಗಾಜೇ ಅಲ್ಲ, ಹೆಸಲೈಟ್ ಎಂಬ ಪ್ಲಾಸ್ಟಿಕ್. ಗೀರು ಬೀಳುತ್ತದೆ, ಬಿರುಕೂ ಬಿಡಬಹುದು, ಗಾಜಿನಂತೆ ಚೂರುಚೂರಾಗಿ ಸಿಡಿಯುವುದಿಲ್ಲ. ಈಗಲೂ ಆ ಮಾದರಿ ಹೆಸಲೈಟಿನಲ್ಲಿ ಸಿಗುತ್ತದೆ. ಲೂಪ್ ಹಾಕಿ ನೋಡಿದರೆ ಗಾಜಿನ ನಟ್ಟನಡುವೆ ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ಒಮೆಗಾ ಗುರುತು ಮೂಡಿರುತ್ತದೆ. ನೀಲಮಣಿ ಗಾಜಿನದ್ದೂ ಸಿಗುತ್ತದೆ, ಹಿಂಬದಿಯಿಂದ ಮಶೀನೂ ಕಾಣುತ್ತದೆ. ಗೀರಿಗೆ ಅದು ಗಟ್ಟಿ, ಆದರೆ ಕೊಳ್ಳುವುದಾದರೆ ಹೆಸಲೈಟಿನದ್ದೇ ಕೊಳ್ಳಬೇಕು. ಅದಿಲ್ಲದೆ ಚಂದ್ರನ ಕಥೆಯ ಅರ್ಧ ಹೋಯಿತು.

ಈಗ ಡ್ರಾಯರು ತೆಗೆದು ನೋಡಿ ಅಂದೆ. ಜನತಾ ವಾಚಿನ ಗಾಜು ಯಾವುದರದು? ಪ್ಲಾಸ್ಟಿಕ್ಕೇ. ಗೀರು ಬಿದ್ದರೆ ಟೂತ್‌ಪೇಸ್ಟು ಹಚ್ಚಿ ಬಟ್ಟೆಯಲ್ಲಿ ಉಜ್ಜುತ್ತಿದ್ದದ್ದು ನಮ್ಮ ಮನೆಯಲ್ಲೂ ಇತ್ತು, ಅಕ್ಕನ ಮನೆಯಲ್ಲೂ ಇತ್ತು. ಕೀ ಕೊಡುವುದು? ಇದೆ. ಲೈನಿಂದ ಬಂದದ್ದು? ಹೌದು. ಕಪ್ಪು ಡಯಲು, ಬಿಳಿ ಮುಳ್ಳು ಬೇಕೆಂದರೆ ಪೈಲಟ್ ಇದೆ. ಸ್ಪೀಡ್‌ಮಾಸ್ಟರಿನ ಗುಣಗಳು ಒಂದೊಂದಾಗಿ ಅಕ್ಕನ ಡ್ರಾಯರಿನಲ್ಲಿ ಆಗಲೇ ಬಂದು ಕೂತಿವೆ. ಮುಖ ಕೊಟ್ಟು ನಿಲ್ಲುವ ವಾಚುಗಳು ಅವರ ಬಳಿ ಬೇಕಾದಷ್ಟಿವೆ, ತಿರುಗುವುದು ಒಂದೂ ಇಲ್ಲ. ವಾಚು ಕೂಡಿಡುವ ಡ್ರಾಯರಿಗೆ ಇನ್ನೊಂದು ಸೇರಬೇಕಾದರೆ ಅದು ಅಲ್ಲಿಲ್ಲದ ಯೋಚನೆಯನ್ನು ತರಬೇಕು. ಬೆಲೆ, ಹೆಸರು, ಕಥೆ ಎಲ್ಲ ಆಮೇಲೆ.

ಅಕ್ಕ ಒಳಗೆ ಹೋಗಿ ಒಂದು ವಾಚು ತಂದು ಗೋಡೆಯ ಮೇಲಿಟ್ಟರು. ಎಚ್‌ಎಂಟಿ ಬ್ರೈಲ್. ಕಣ್ಣು ಕಾಣದವರಿಗೆಂದು ಮಾಡಿದ್ದು. ಗಾಜನ್ನು ಮುಚ್ಚಳದಂತೆ ಮೇಲೆತ್ತಬಹುದು, ಬೆರಳಿಂದ ಮುಳ್ಳನ್ನೂ ಡಯಲಿನ ಮೇಲಿನ ಉಬ್ಬು ಚುಕ್ಕೆಗಳನ್ನೂ ಮುಟ್ಟಿ ಗಂಟೆ ತಿಳಿಯಬಹುದು. "ಗಾಜಿನ ಮಾತಾದರೆ ಇದನ್ನೂ ಸೇರಿಸು" ಎಂದರು. ಎಷ್ಟು ಸರಿಯಾದ ಮಾತು! ಅಲ್ಲಿ ಗಾಜನ್ನು ಕಾಪಾಡಲು ಇಷ್ಟೆಲ್ಲ ಸಾಹಸ, ಇಲ್ಲಿ ಗಾಜೇ ದಾರಿ ಬಿಟ್ಟು ಸರಿದು ನಿಲ್ಲುತ್ತದೆ. ಮುಳ್ಳು ಬೆರಳಿನ ಒತ್ತಡಕ್ಕೆ ಜರುಗಬಾರದು, ಓಡುವುದೂ ನಿಲ್ಲಬಾರದು. ಅದನ್ನು ಜೋಡಿಸುವವರಿಗೆ ಬೇಕಾದ ಹದ ಸಾಮಾನ್ಯದ್ದಲ್ಲ. ನಾನು ಕಣ್ಣು ಮುಚ್ಚಿ ಮುಟ್ಟಿ ನೋಡಿದೆ. ನಾಲ್ಕೂ ಮುಕ್ಕಾಲು ಎಂದು ಬೆರಳಿಗೆ ಸಿಕ್ಕಿತು. ಲಕ್ಷಗಳ ವಾಚುಗಳ ಮಾತಿನ ಮಧ್ಯೆ ಈ ವಾಚು ಬಂದು ಕೂತದ್ದು ನನಗೆ ಬಹಳ ಸಂತೋಷ ಕೊಟ್ಟಿತು.

"ಆದರೂ ಕ್ರೋನೋಗ್ರಾಫ್ ನನ್ನತ್ರ ಇಲ್ಲವಲ್ಲ" ಎಂದರು ಅಕ್ಕ. ಇದಕ್ಕೆ ನನ್ನಲ್ಲಿ ಸುಲಭದ ಉತ್ತರ ಇರಲಿಲ್ಲ. ಗುಂಡಿ ಒತ್ತಿದಾಗ ಒಳಗೆ ಸನ್ನೆ, ಹಲ್ಲುಚಕ್ರಗಳು ಒಂದನ್ನೊಂದು ಹಿಡಿದು ನಡುಮುಳ್ಳು ಹೊರಡುತ್ತದಲ್ಲ, ಅದು ಕೈಗಡಿಯಾರದ ವಿದ್ಯೆಯಲ್ಲಿ ದೊಡ್ಡ ಮೆಟ್ಟಿಲು. 2021ರಿಂದ ಮಾಮೂಲು ಸ್ಪೀಡ್‌ಮಾಸ್ಟರಿನಲ್ಲಿ ಬರುತ್ತಿರುವ 3861 ಎಂಬ ಮಶೀನು 15,000 ಗಾಸ್ ಅಯಸ್ಕಾಂತಕ್ಕೂ ಜಗ್ಗುವುದಿಲ್ಲ, ಒಮ್ಮೆ ಪೂರ್ತಿ ಕೀ ಕೊಟ್ಟರೆ 50 ಗಂಟೆ ಓಡುತ್ತದೆ. ಮಶೀನಿನ ಲೆಕ್ಕದಲ್ಲಿ ಸ್ಪೀಡ್‌ಮಾಸ್ಟರ್ ಮುಂದೆ, ಅದರಲ್ಲಿ ಎರಡು ಮಾತಿಲ್ಲ. ರಿವರ್ಸೋದ್ದು ಗಂಟೆ, ನಿಮಿಷ, ಕೆಳಗೊಂದು ಪುಟ್ಟ ಸೆಕೆಂಡಿನ ಮುಳ್ಳು. ಅದರ ಪಾಂಡಿತ್ಯವೆಲ್ಲ ಕೇಸಿನಲ್ಲಿದೆ, ಆ ಉದ್ದುದ್ದ ಕೇಸಿಗೆ ಸರಿಯಾಗಿ ಉದ್ದುದ್ದವಾಗಿಯೇ ಮಾಡಿದ ಮಶೀನಿನಲ್ಲಿದೆ.

ಕೈಯ ಅಳತೆ ನೋಡಿದರೆ ತಕ್ಕಡಿ ಮತ್ತೆ ರಿವರ್ಸೋ ಕಡೆ ಬರುತ್ತದೆ. ಸ್ಪೀಡ್‌ಮಾಸ್ಟರ್ 42 ಮಿಲಿಮೀಟರ್ ಅಗಲ. ಅಕ್ಕನ ತೆಳ್ಳನೆಯ ಮುಂಗೈ ಮೇಲೆ ಅದು ಬಳೆಗೂ ಜಾಗ ಬಿಡುವುದಿಲ್ಲ. ರಿವರ್ಸೋದಲ್ಲಿ ಟ್ರಿಬ್ಯೂಟ್ ಎಂಬ ಮಾದರಿಯ ಉದ್ದ 45.6, ಅಗಲ ಬರೀ 27.4, ದಪ್ಪ ಎಂಟೂವರೆ. ಸೆರಗಿನ ಅಂಚಿಗೆ ಸಿಕ್ಕಿಕೊಳ್ಳದೆ ಕೂರುತ್ತದೆ. ನೀರಿಗೆ ಎರಡೂ ಅಷ್ಟಕ್ಕಷ್ಟೇ. ಸ್ಪೀಡ್‌ಮಾಸ್ಟರಿಗೆ 50 ಮೀಟರ್ ಎಂದೂ ರಿವರ್ಸೋಗೆ 30 ಎಂದೂ ಬರೆದಿರುತ್ತಾರೆ. ಹಾಗೆಂದು ಯಾವುದನ್ನೂ ಪಾತ್ರೆ ತೊಳೆಯುವ ಕೈಯಲ್ಲಿ ಇಟ್ಟುಕೊಳ್ಳಬಾರದು.

ರಿವರ್ಸೋ ಬೆನ್ನಿನ ಮಾತು ಇನ್ನೂ ಉಳಿದಿದೆ. ಪೆಟ್ಟು ತಿನ್ನಲೆಂದು ಇಟ್ಟ ಆ ಖಾಲಿ ಉಕ್ಕಿನ ಮೇಲೆ ಜನ ಮೊದಲಿನಿಂದಲೇ ಏನಾದರೂ ಕೆತ್ತಿಸತೊಡಗಿದರು. ಹೆಸರಿನ ಅಕ್ಷರ, ಮನೆತನದ ಲಾಂಛನ, ಎನಾಮೆಲ್‌ನಲ್ಲಿ ಬರೆಸಿದ ಪುಟ್ಟ ಮುಖಚಿತ್ರ. ಅಮೆರಿಕದ ಜನರಲ್ ಮೆಕಾರ್ಥರ್ ತನ್ನ ಹೆಸರಿನ ಅಕ್ಷರಗಳನ್ನು ಕೆತ್ತಿಸಿದ್ದ ರಿವರ್ಸೋ 2015ರಲ್ಲಿ ಹರಾಜಿಗೆ ಬಂದಿತ್ತು. ನಿಮ್ಮದರಲ್ಲಿ ಏನು ಬರೆಸುತ್ತೀರಿ ಎಂದು ಕೇಳಿದೆ. ಮಗಳ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆ. "ನನ್ನ ಟೋಕನ್ ನಂಬರ್" ಎಂದರು ಅಕ್ಕ, ಯೋಚನೆಯನ್ನೂ ಮಾಡದೆ. ಗೇಟಿನಲ್ಲಿ ದಿನಾ ಹೇಳುತ್ತಿದ್ದ ಆ ನಂಬರು ಈಗ ಫ್ಯಾಕ್ಟರಿಯ ಯಾವ ರಿಜಿಸ್ಟರಿನಲ್ಲೂ ಬೇಕಾಗಿಲ್ಲ. ಸ್ವಿಸ್ ಉಕ್ಕಿನ ಮೇಲೆ ಜಾಲಹಳ್ಳಿಯ ಟೋಕನ್ ನಂಬರು ಕೂರಬೇಕು ಎಂದು ನನಗೂ ಆಸೆ ಹುಟ್ಟಿಬಿಟ್ಟಿತು. ಅಂಗಡಿಯವರು ಹೇಳುವ ಭಾರತದ ನಂಟಿಗಿಂತ ಆ ನಾಲ್ಕು ಅಂಕಿಯ ನಂಟು ಗಟ್ಟಿ.

ಒಂದು ತೊಡಕು ಮಾತ್ರ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಓದುವ ಸುಖ. ಸ್ಪೀಡ್‌ಮಾಸ್ಟರಿನ ಕಪ್ಪು ಡಯಲಿನ ಮೇಲೆ ಬಿಳಿ ಮುಳ್ಳು ಕತ್ತಲಲ್ಲೂ ಹೊಳೆಯುತ್ತದೆ. ರಿವರ್ಸೋದ ಚೂಪು ಮುಳ್ಳುಗಳು ಬೆಳಕು ಬಿದ್ದ ಕೋನ ನೋಡಿಕೊಂಡು ಕಾಣುತ್ತವೆ, ಕತ್ತಲಲ್ಲಿ ಕಾಣುವುದೇ ಇಲ್ಲ. ಅಕ್ಕನಿಗೆ ಹತ್ತಿರದ್ದು ನೋಡಲು ಕನ್ನಡಕ ಬೇಕು. ಅದಕ್ಕೇ ಹೇಳಿದ್ದೇನೆ: ಮಗಳು ಊರಿಗೆ ಬಂದಾಗ ಅಂಗಡಿಗೆ ಹೋಗಿ, ಎರಡನ್ನೂ ಕಟ್ಟಿಕೊಂಡು, ಕನ್ನಡಕ ತೆಗೆದು, ಅಂಗಡಿಯ ದೀಪದ ಕೆಳಗಲ್ಲ, ಬಾಗಿಲ ಹತ್ತಿರ ಬಂದು ಹೊತ್ತು ನೋಡಿ. ರಿವರ್ಸೋದಲ್ಲಿ ಗಂಟೆ ಓದಲು ಬಂದರೆ ಅದನ್ನೇ ತಗೊಳ್ಳಿ. ಬರದಿದ್ದರೆ ಹೆಸಲೈಟಿನ ಸ್ಪೀಡ್‌ಮಾಸ್ಟರ್, ಬಳೆ ಸ್ವಲ್ಪ ಹಿಂದಕ್ಕೆ ಸರಿಯಲಿ. "ಮತ್ತೆ ಟೋಕನ್ ನಂಬರು?" ಎಂದರು. ಸ್ಪೀಡ್‌ಮಾಸ್ಟರಿಗೂ ಬೆನ್ನಿದೆ ಅಕ್ಕ, ಕೇಳಿ ನೋಡೋಣ.